ಮಹಿಳಾ ಭಾನುವಾರದ ಸಾಕ್ಷಿ

ನಮ್ಮ ಮನೆಯಲ್ಲಿ ಚಹಾ ಮಾಡುವುದೇ ಒಂದು ಸಾಹಸ. ಚಹಾಪುಡಿ ಇದೆ, ಸಕ್ಕರೆ ಇದೆ, ಹಾಲೂ ಇದೆ. ಆದರೆ ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಆ ದೇವರಿಗೇ ಗೊತ್ತು. ಅಡುಗೆಮನೆಯ ಫಳಿಯ ಮೇಲೆ ಸಾಲಾಗಿ ನಿಂತ ಸ್ಟೀಲಿನ ಡಬ್ಬಿಗಳೆಲ್ಲ ಒಂದೇ ಎತ್ತರ, ಒಂದೇ ಹೊಳಪು. ಎಲ್ಲದರ ಹೊಟ್ಟೆಯ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದೇ ಒಕ್ಕಣೆ: 'ಮಹಿಳಾ ಭಾನುವಾರದ ನೆನಪಿಗೆ'. ಮೊನ್ನೆ ಬಾಜು ಮನೆಯ ಮಗ್ಗದವರು ಬಂದಾಗ ಉಪ್ಪು ಹಾಕಿದ ಚಹಾ ಕೊಟ್ಟುಬಿಟ್ಟೆ. ಪಾಪ, ಆತ ಮರ್ಯಾದಸ್ಥ. ಅರ್ಧ ಕುಡಿದು, "ಅಕ್ಕೋರ, ಈ ವಯಸ್ಸಿನ್ಯಾಗ ಉಪ್ಪ ಸ್ವಲ್ಪ ಕಡಿಮಿ ಮಾಡ್ರಿ" ಎಂದು ಹೇಳಿ ಹೋದ.

ಮಹಿಳಾ ಭಾನುವಾರ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕ್ರೈಸ್ತ ಸಭೆಗಳಲ್ಲಿ ವರ್ಷಕ್ಕೊಂದು ಭಾನುವಾರವನ್ನು ಹೆಂಗಸರಿಗೆ ಬಿಟ್ಟುಕೊಡುತ್ತಾರೆ. ಆವತ್ತು ಹಾಡು ಹೆಂಗಸರದು, ಪ್ರಾರ್ಥನೆ ಹೆಂಗಸರದು, ಪ್ರಸಂಗ, ಅಂದರೆ ಉಪದೇಶವೂ, ಹೆಂಗಸರದೇ. ಆವತ್ತಿನ ಅಡುಗೆಯನ್ನು ಮಾತ್ರ ಗಂಡಸರು ಮಾಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಹಿಂದಿನ ಬೆಂಚಿನ ಪುಂಡರನ್ನು ಗದರಿಸಿ ಗದರಿಸಿ ದನಿ ದೊಡ್ಡದಾಗಿದೆ, ಮೈಕು ಕೆಟ್ಟರೂ ನಡೆಯುತ್ತದೆ. ಇಷ್ಟೇ ಯೋಗ್ಯತೆಯ ಮೇಲೆ ಬೆಳಗಾವಿಯ ಸುತ್ತಿನ ಸಭೆಗಳವರೆಲ್ಲ ನನ್ನನ್ನು ಕರೆಯುತ್ತಾರೆ, ಪ್ರಸಂಗ ಮಾಡಿಸುತ್ತಾರೆ, ಡಬ್ಬಿ ಕೊಟ್ಟು ಕಳಿಸುತ್ತಾರೆ.

ವಿಷಯವೂ ಡಬ್ಬಿಯ ಹಾಗೆ, ಪ್ರತಿ ವರ್ಷ ಒಂದೇ. ಗುಣವತಿಯಾದ ಸ್ತ್ರೀ. ಬೈಬಲಿನಲ್ಲಿ ಅಂಥವಳೊಬ್ಬಳ ವರ್ಣನೆ ಬರುತ್ತದೆ. ಕತ್ತಲಿರುವಾಗಲೇ ಏಳುತ್ತಾಳೆ, ಮನೆಮಂದಿಗೆಲ್ಲ ಬಡಿಸುತ್ತಾಳೆ, ನೂಲುತ್ತಾಳೆ, ನೇಯುತ್ತಾಳೆ, ಹೊಲ ಕೊಳ್ಳುತ್ತಾಳೆ, ದ್ರಾಕ್ಷಿ ನೆಡುತ್ತಾಳೆ, ರಾತ್ರಿಯಾದರೂ ಅವಳ ದೀಪ ಆರುವುದಿಲ್ಲ. ವಡಗಾವಿಯ ಓಣಿಯಲ್ಲಿ ಕೂತು ಹಗಲಿಡೀ ಮಗ್ಗದ ಖಟಖಟ ಕೇಳುವ ನನಗೆ ನೇಯುವುದೊಂದರಲ್ಲೇ ಬೆನ್ನು ಎಷ್ಟು ಸವೆಯುತ್ತದೆಂದು ಗೊತ್ತು. ಉಳಿದದ್ದನ್ನೆಲ್ಲ ಅವಳು ಯಾವಾಗ ಮಾಡಿದಳೋ! ಅಷ್ಟರಲ್ಲಿ ಅವಳ ಗಂಡ ಊರಬಾಗಿಲಲ್ಲಿ ಹಿರಿಯರ ಸಂಗಡ ಕೂತಿರುತ್ತಾನೆ. ನಮ್ಮ ಅವ್ವ ಈ ಭಾಗ ಓದುವಾಗೆಲ್ಲ ಇಲ್ಲಿಗೆ ಬಂದು ನಿಲ್ಲಿಸಿ, "ಮತ್ತ ಅಂವಾ ಏನ ಮಾಡ್ತಿದ್ನಂತ?" ಎಂದು ಕೇಳುತ್ತಿದ್ದಳು. ಆಗೆಲ್ಲ ಅಪ್ಪನಿಗೆ ಕೆಮ್ಮು ಬರುತ್ತಿತ್ತು.

ಅವ್ವನ ಮಾತು ಬಂತೆಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಸಹಿಸಿಕೊಳ್ಳಿ. ನಾನು ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ. ಅವ್ವ ಭಾಕ್ರಿ ಬಡಿಯುತ್ತ ಬಡಿಯುತ್ತ ನಮಗೆ ಬೈಬಲಿನ ಕಥೆ ಹೇಳುತ್ತಿದ್ದಳು. ತಟಪಟ ಸದ್ದು ಜೋರಾದರೆ ಕಥೆಯಲ್ಲಿ ಯುದ್ಧ ಹತ್ತಿರ ಬಂತೆಂದು ತಿಳಿಯಬೇಕು. ಅವಳ ಪ್ರಕಾರ ಯೆರೂಸಲೇಮು ಎಲ್ಲೋ ದೂರದ ದೇಶವಲ್ಲ. ಲೋಂಡಾ ದಾಟಿ, ಕಾಡು ದಾಟಿ, ಗೋವೆಯ ಲೈನಿನಲ್ಲಿ ಇನ್ನಷ್ಟು ಹೋದರೆ ಬರುವ ಒಂದು ಊರು ಎಂದೇ ನಾನು ನಂಬಿದ್ದೆ. ಒಮ್ಮೆ ಶಾಲೆಯ ನಕಾಶೆಯಲ್ಲಿ ಅದನ್ನು ಕ್ಯಾಸಲ್‌ರಾಕಿನ ಆಚೆ ಹುಡುಕಿ ಮಾಸ್ತರರಿಂದ ಬೈಸಿಕೊಂಡಿದ್ದೇನೆ.

ಅವ್ವನಿಗೆ ಎಲ್ಲಕ್ಕಿಂತ ಪ್ರೀತಿಯವರು ಇಬ್ಬರು ಸೂಲಗಿತ್ತಿಯರು. ತನ್ನ ಜೀತದಾಳುಗಳಾದ ಇಬ್ರಿಯರ ಮನೆಯಲ್ಲಿ ಗಂಡು ಕೂಸು ಹುಟ್ಟಿದರೆ ಅಲ್ಲೇ ಕೊಂದುಬಿಡಿ ಎಂದು ಐಗುಪ್ತದ, ಅಂದರೆ ಈಜಿಪ್ತಿನ, ಅರಸ ಅವರಿಗೆ ಹುಕುಂ ಮಾಡಿದ್ದ. ಅವರು ಕೊಲ್ಲಲಿಲ್ಲ. ಯಾಕೆಂದು ಕೇಳಿದರೆ, ಈ ಹೆಂಗಸರು ಬಲು ಗಟ್ಟಿ, ನಾವು ಹೋಗಿ ಮುಟ್ಟುವುದರೊಳಗೆ ಹಡೆದು ಮುಗಿಸಿರುತ್ತಾರೆ ಎಂದುಬಿಟ್ಟರು. ಖಾನಾಪುರದ ನಮ್ಮ ಓಣಿಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಹೀಗಾಗಿ ಅವ್ವನ ಕಥೆಯಲ್ಲಿ ಆ ಸೂಲಗಿತ್ತಿಯರಲ್ಲಿ ಒಬ್ಬಳು ಕನ್ನಡದಾಕೆ, ಒಬ್ಬಳು ಮರಾಠಿಯಾಕೆ. ಒಬ್ಬಳು ಸುಳ್ಳು ಹೇಳಲು ಶುರುಮಾಡಿದರೆ ಇನ್ನೊಬ್ಬಳು ಅದನ್ನು ಮುಗಿಸುತ್ತಿದ್ದಳು.

"ಸುಳ್ಳ ಹೇಳೂದು ಪಾಪ ಅಲ್ಲೇನಬೇ?" ಎಂದು ನಾನು ಕೇಳಿದ್ದೆ.

"ಕೂಸ ಉಳೀತೋ ಇಲ್ಲೋ?" ಎಂದಳು ಅವ್ವ, ಭಾಕ್ರಿ ತಿರುವಿ ಹಾಕುತ್ತ.

ಇನ್ನೊಂದು ಕಥೆ ನಡು ಬಗ್ಗಿದ ಹೆಂಗಸಿನದು. ಎಷ್ಟೋ ವರ್ಷಗಳಿಂದ ನೆಲ ನೋಡಿಕೊಂಡೇ ಬದುಕಿದ ಅವಳನ್ನು ತುಂಬಿದ ಸಭೆಯೊಳಗೆ ಯೇಸು ತಾನಾಗಿಯೇ ಕರೆದು ನೆಟ್ಟಗೆ ನಿಲ್ಲಿಸುತ್ತಾನೆ. ಸಭೆಯ ಯಜಮಾನನಿಗೆ ಸಿಟ್ಟು ಬರುತ್ತದೆ. ವಾರದಲ್ಲಿ ಬೇರೆ ದಿನಗಳಿಲ್ಲವೇ, ಕೆಲಸ ಮಾಡಬಾರದ ಸಬ್ಬತ್ತಿನ ದಿನವೇ ವಾಸಿಯಾಗಬೇಕೇ ಎಂದು. ಅವ್ವನ ಯೇಸು ಅಚ್ಚ ಖಾನಾಪುರದವನು. "ಯಾಕಬೇ ಯವ್ವಾ, ಹಿಂಗ ಬಗ್ಗಿ ಎಷ್ಟ ವರ್ಷಾತು? ಏಳ, ನೆಟ್ಟಗ ನಿಲ್ಲ" ಎನ್ನುತ್ತಿದ್ದ. ಈಗ ನನ್ನ ನಡುವೂ ಬಗ್ಗಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೆಟ್ಟಗೆ ಆಗುವುದಿಲ್ಲ, ಆದರೂ ಏಳುತ್ತೇನೆ.

ಖರೇ ಹೇಳಬೇಕೆಂದರೆ ನನಗೆ ಸಾಕಾಗಿದೆ. ಅಷ್ಟು ವರ್ಷ ಅಷ್ಟು ಊರುಗಳಲ್ಲಿ ನಿಂತು, ಹೆಣ್ಣೂ ದೇವರ ಸ್ವರೂಪದಲ್ಲೇ ಹುಟ್ಟಿದವಳು, ಗಂಡಸರು ಓಡಿಹೋದ ಮೇಲೂ ಶಿಲುಬೆಯ ಹತ್ತಿರ ನಿಂತವರು ಹೆಂಗಸರು, ಸತ್ತ ಯೇಸು ಎದ್ದಿದ್ದಾನೆ, ಸಮಾಧಿ ಬರಿದಾಗಿದೆ ಎಂಬ ಸುದ್ದಿಯನ್ನು ಮೊದಲು ತಂದವರು ಹೆಂಗಸರು ಎಂದೆಲ್ಲ ಹೇಳಿದ್ದೇನೆ. ಗಂಡಸರು ತಲೆದೂಗುತ್ತಾರೆ. ಆಮೇಲೆ ಹೊರಗೆ ಬಂದು, "ಭಾರಿ ಛಲೋ ಹೇಳಿದ್ರಿ ಅಕ್ಕೋರ" ಎಂದು, ಎಲೆಯ ಮುಂದೆ ಕೂತು, ಸಾರು ತರಲು ಹೆಂಡತಿಯನ್ನು ಕೂಗುತ್ತಾರೆ. ಆ ಸುದ್ದಿ ತಂದ ಹೆಂಗಸರ ಮಾತನ್ನೂ ಶಿಷ್ಯರು ಹರಟೆ ಎಂದೇ ತಳ್ಳಿಹಾಕಿದರಂತೆ. ಹಾಗಿರುವಾಗ ನನ್ನದೇನು ದೊಡ್ಡ ಮಾತು.

ಈ ವರ್ಷ ಎಲ್ಲಿಗೂ ಹೋಗಬಾರದೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಖಾನಾಪುರ ತಾಲೂಕಿನ ಒಂದು ಸಣ್ಣ ಸಭೆಯಿಂದ ಫೋನು ಬಂತು. ತವರಿನ ಕಡೆಯವರು ಕರೆದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ರೈಲು ಹತ್ತಿದೆ. ದೇಸೂರ ಬರುವ ಮೊದಲೇ ನಿದ್ದೆ ಹತ್ತಿತು. ಖಾನಾಪುರದಲ್ಲಿ ಪಕ್ಕದ ಹೆಣ್ಣುಮಗಳು ಮರಾಠಿಯಲ್ಲಿ ಕೂಗಿ ಎಬ್ಬಿಸದಿದ್ದರೆ ನೇರ ಲೋಂಡಾಕ್ಕೇ ಹೋಗಿಬಿಡುತ್ತಿದ್ದೆ.

ಚರ್ಚಿನ ಬಾಗಿಲಲ್ಲೇ ಸಭೆಯ ಹಿರಿಯರಾದ ಸಾಮ್ಯುವೆಲಪ್ಪನವರು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಆರಾಧನೆಯ ಕ್ರಮದ ಹಾಳೆ. ಸಭಾಪಾಲಕರು, ಅಂದರೆ ಪಾದ್ರಿಗಳು, ಎಳೆಯ ವಯಸ್ಸಿನವರು, ಇವರ ಹಿಂದೆ ನಿಂತಿದ್ದರು. ಸಾಮ್ಯುವೆಲಪ್ಪ ನನ್ನನ್ನು ಬದಿಗೆ ಕರೆದರು.

"ಅಕ್ಕೋರ, ನಿಮ್ಮಿಂದ ಒಂದ ಉಪಕಾರ ಆಗಬೇಕ್ರಿ. ನಮ್ಮ ಸಭಿಯಾಗ ಸುನೀತಾ ಅಂತ ಒಬ್ಬಾಕಿ ಅದಾಳ. ಗಂಡನ್ನ ಬಿಟ್ಟು ಲೋಂಡಾದಾಗ ಖೋಲಿ ಮಾಡ್ಕೊಂಡು ಬಟ್ಟಿ ಹೊಲಿತಾಳ. ಕಮಿಟಿ ಆಕೀನ್ನ ಪ್ರಭುಭೋಜನದಿಂದ ದೂರ ಇಟ್ಟೈತಿ. ಇವತ್ತ ಸಭಿ ಮುಂದ ನಿಂತು ಕ್ಷಮಾ ಕೇಳಿ, ಗಂಡನ ಮನಿಗೆ ಹೊಳ್ಳಿ ಹೊಕ್ಕೀನಿ ಅಂದ್ರ ಮುಗೀತು. ನೀವ ಕೈ ಹಿಡಕೊಂಡು ಮುಂದ ಕರಕೊಂಡು ಬರ್ರಿ. ಹೆಣ್ಣಮಕ್ಕಳು ಕರಕೊಂಡು ಬಂದ್ರ ಚಂದ ಕಾಣತೈತಿ."

ಚಂದ ಕಾಣುತ್ತದೆಯಂತೆ! ನನಗೆ ಉರಿದುಹೋಯಿತು. "ಕ್ಷಮಾ ಅಂತ ಇದರಾಗ ಎಲ್ಲೂ ಬರದಿಲ್ಲಲ್ರಿ?" ಎಂದು ನನಗೂ ಕೊಟ್ಟಿದ್ದ ಕ್ರಮದ ಹಾಳೆ ತೋರಿಸಿದೆ.

"ಹೊರಗಿನ ಮಂದಿ ಬಂದಿರ್ತಾರಲ್ರಿ, ಅದಕ್ಕ 'ಸಾಕ್ಷಿ' ಅಂತ ಹಾಕೀವಿ" ಎಂದರು.

ಈ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸಾಕ್ಷಿ ಎಂದರೆ ಕೋರ್ಟಿನ ಸಾಕ್ಷಿಯಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯೆದುರು ಎದ್ದು ನಿಂತು ಹೇಳುವುದು. ಜ್ವರ ಬಿಟ್ಟಿತು, ಮಗಳಿಗೆ ಸೀಟು ಸಿಕ್ಕಿತು, ಕಳೆದ ಎಮ್ಮೆ ತಾನೇ ಮನೆಗೆ ಬಂತು. ಒಂದೊಂದು ಮಾತಿಗೂ ಕೂತವರು 'ಸ್ತೋತ್ರ' ಎನ್ನುತ್ತಾರೆ. ಸಾಕ್ಷಿ ಹೇಳುವವರನ್ನು ನಡುವೆ ಯಾರೂ ತಡೆಯುವಂತಿಲ್ಲ. ಒಮ್ಮೆ ಎಮ್ಮೆಯ ಸಾಕ್ಷಿ ಎಷ್ಟು ಉದ್ದವಾಯಿತೆಂದರೆ ಆ ವಾರ ಪ್ರಸಂಗವೇ ಆಗಲಿಲ್ಲ, ಆದರೂ ಯಾರೂ ತುಟಿ ಬಿಚ್ಚಲಿಲ್ಲ.

ಸುನೀತಾ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಸಣ್ಣ ಹೆಣ್ಣುಮಗಳು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು. ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರಗಳಲ್ಲಿ ತಪ್ಪದೆ ಲೋಂಡಾದಿಂದ ರೈಲಿಗೆ ಬರುತ್ತಾಳಂತೆ. ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬಂದು, ಇವಳ ಮುಂದೆ ಹಾದು, ಹಿಂದಕ್ಕೆ ಹೋಗುತ್ತದಂತೆ. ಅಷ್ಟು ನೋಡಿ ಮತ್ತೆ ರೈಲು ಹಿಡಿಯುತ್ತಾಳೆ.

"ಅದನ್ನ ನೋಡಾಕ ಅಷ್ಟ ದೂರದಿಂದ ಯಾಕ ಬರ್ತೀಯವಾ?" ಎಂದು ಕೇಳಿದೆ.

"ಅವರು ದಾಟಿಸಿದ್ರ ದಾಟಿಸ್ಲಿ ಅಕ್ಕೋರ. ನಾ ಬರೂದು ಬಿಟ್ಟೆ ಅಂದ್ರ, ನಾನ ಬ್ಯಾಡ ಅಂದಂಗ ಆಗತೈತಿ. ನನಗದು ಬೇಕು."

"ನಿನ್ನ ಕೈ ಹಿಡದು ಎಳಕೊಂಡು ಹೋಗಾಕ ನಾ ಬಂದಿಲ್ಲ. ಬ್ಯಾಡಂದ್ರ ಬ್ಯಾಡ ಅನ್ನು, ಹೋಗಿ ಹೇಳ್ತೀನಿ" ಎಂದೆ.

ಅವಳು ಹಾಳೆಯನ್ನು ಇಸಿದುಕೊಂಡು ಓದಿದಳು. "ಕ್ಷಮಾ ಅಂತ ಇಲ್ಲ. ಸಾಕ್ಷಿ ಅಂತ ಐತಿ."

"ಹೌದು, ಸಾಕ್ಷಿ ಅಂತ ಐತಿ."

"ಹಂಗಾರ ಬರ್ತೀನ್ರಿ" ಎಂದು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು.

ಆರಾಧನೆ ಶುರುವಾಯಿತು. ಹೆಂಗಸರು ಹಾಡಿದರು, ಪ್ರಾರ್ಥಿಸಿದರು. ಒಳಗಿನ ಕೋಣೆಯಿಂದ ಸಾರಿನ ವಾಸನೆ ಬರುತ್ತಿತ್ತು. ಸಾಕ್ಷಿಯ ಸಮಯ ಬಂದಾಗ ಸುನೀತಾ ತಾನೇ ಎದ್ದು ಮುಂದೆ ಹೋದಳು. ನನ್ನ ಕೈ ಬೇಕಾಗಲಿಲ್ಲ. ಗಂಡಸರ ಕಡೆ ಮೊದಲ ಬೆಂಚಿನಲ್ಲಿ ದಾನಿಯೇಲಜ್ಜ ಎಂಬ ಮುದುಕ ಕೂತಿದ್ದ. ಕಿವಿ ಪೂರಾ ಕೇಳಿಸದು. ಸಾಕ್ಷಿ ಹೇಳುವವರ ತುಟಿ ನಿಂತಿತೋ, ಇವನ 'ಸ್ತೋತ್ರ' ಹೊರಟಿತು.

"ಪ್ರಭುವಿನ ಹೆಸರಿನ್ಯಾಗ ಎಲ್ಲಾರಿಗೂ ವಂದನೆ" ಎಂದಳು ಸುನೀತಾ.

"ಸ್ತೋತ್ರ!" ಎಂದ ದಾನಿಯೇಲಜ್ಜ.

"ನಾ ಈ ಸಭಿಗೆ ಸೊಸಿಯಾಗಿ ಬಂದಾಕಿ. ನನ್ನ ಮದಿವಿ ಇಲ್ಲೇ ಆತು."

"ಸ್ತೋತ್ರ!"

"ಮದಿವಿಯಾದ ವರ್ಷಾನ ನನ್ನ ಗಂಡ ನನ್ನ ಕೈ ಮುರದಾ."

"ಸ್ತೋತ್ರ!"

ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ಅಜ್ಜನ ಬೆನ್ನು ತಿವಿದರು. ತನ್ನ ದನಿ ಸಾಲದಾಯಿತೆಂದು ಅವನು ಇನ್ನೊಮ್ಮೆ ಜೋರಾಗಿ "ಸ್ತೋತ್ರ!" ಎಂದ. ಸುನೀತಾ ಅವನು ಮುಗಿಸುವವರೆಗೆ ಕಾದಳು.

"ಬಚ್ಚಲದಾಗ ಜಾರಿ ಬಿದ್ದೆ ಅಂತ ಹೇಳು ಅಂದ್ರು. ಹಂಗ ಹೇಳಿದೆ. ಕೈ ಕೂಡಿದ ಮ್ಯಾಲ ಇಲ್ಲೇ ನಿಂತು ಸಾಕ್ಷೀನೂ ಹೇಳಿದೆ, ಜಾರಿ ಬಿದ್ದಿದ್ದೆ, ದೇವರು ವಾಸಿ ಮಾಡಿದಾ ಅಂತ. ನೀವೆಲ್ಲಾ ಸ್ತೋತ್ರ ಅಂದ್ರಿ. ಅದು ಸುಳ್ಳ ಸಾಕ್ಷಿ ಇತ್ತು. ಆಮ್ಯಾಲೂ ಹೊಡದಾ. ಇನ್ನ ಇಲ್ಲೇ ಇದ್ರ ಸಾಯ್ತೀನಿ ಅನಿಸಿದ ದಿನ ಮನಿ ಬಿಟ್ಟೆ. ಕ್ಷಮಾ ಕೇಳು ಅಂದೀರಿ. ದೇವರ ಮನಿಯಾಗ ಸುಳ್ಳ ಹೇಳಿದ್ದಕ್ಕ ಕೇಳ್ತೀನಿ. ಮನಿ ಬಿಟ್ಟಿದ್ದಕ್ಕ ಕೇಳಂಗಿಲ್ಲ."

ಸಾಮ್ಯುವೆಲಪ್ಪ ಎದ್ದು ನಿಂತರು. ಸಾಕ್ಷಿ ತಡೆಯಬಾರದೆಂಬ ನಿಯಮ ಅವರಿಗೂ ಗೊತ್ತು, ಆದರೆ ಮುಖ ಕೆಂಪಾಗಿತ್ತು. "ಇದು ಸಾಕ್ಷಿ ಅಲ್ಲ. ಒಬ್ಬಾಕಿ ಬಾಯಿಮಾತು. ಯಾವ ಮಾತಿಗೂ ಇಬ್ಬರ ಸಾಕ್ಷಿ ಬೇಕಂತ ಶಾಸ್ತ್ರದಾಗನ ಐತಿ. ಇದನ್ನ ಕಂಡಾವರು ಯಾರರ ಅದೀರೇನು? ಇದ್ರ ಎದ್ದ ನಿಂದರ್ರಿ!"

ಉತ್ತರ ಬರಲೆಂದು ಕೇಳಿದ ಪ್ರಶ್ನೆಯಲ್ಲ ಅದು. ಮೇಷ್ಟ್ರುಗಿರಿ ಮಾಡಿದ ನನಗೆ ಅಂಥ ಪ್ರಶ್ನೆಗಳ ಗುರುತಿದೆ. ಎಲ್ಲರೂ ನೆಲ ನೋಡಿದರು. ಸುನೀತಾ ಮಾತ್ರ ಹಾಗೇ ನಿಂತಿದ್ದಳು. ನಾನು ಏಳಬೇಕೆಂದರೆ ನಾನೇನು ಕಂಡಿದ್ದೆ?

ಹೆಂಗಸರ ಕಡೆ ನಡುವಿನ ಬೆಂಚಿನಲ್ಲಿ ಒಬ್ಬ ಮುದುಕಿ ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದಳು. "ನಾ ಕಂಡೀನಿ" ಎಂದಳು.

"ಕುಂದರ್ರಿ ರಾಹೇಲವ್ವ" ಎಂದರು ಸಾಮ್ಯುವೆಲಪ್ಪ. "ಅಂವಾ ನಿಮ್ಮ ಮಗಾ."

"ನನ್ನ ಮಗಾ. ನನ್ನ ಮನಿಯಾಗ ಹೊಡದಾ. ಅದಕ್ಕ ಕಂಡೀನಿ." ಅವಳು ಬೆಂಚಿನ ಬೆನ್ನನ್ನು ಬಿಡದೆ ಮುಂದುವರಿಸಿದಳು. "ಬಾಗಲದ ಹೊರಗ ನಿಂತಿದ್ದೆ. ಎಲವು ಮುರದ ಸಪ್ಪಳಾ ಕೇಳೀನಿ. ಬಚ್ಚಲದಾಗ ಬಿದ್ದೆ ಅಂತ ಹೇಳು ಅಂದಾಕೀನೂ ನಾನ. ಆತಿಲ್ರೀ, ಇಬ್ಬರಾದ್ವಿ."

ದಾನಿಯೇಲಜ್ಜನಿಗೆ ಅದು ಕೇಳಿಸಿತೋ, ಮುಖಗಳನ್ನು ನೋಡಿ ತಿಳಿಯಿತೋ, ಈ ಸಲ ಅವನು ಸ್ತೋತ್ರ ಎನ್ನಲಿಲ್ಲ. ಕೈ ಜೋಡಿಸಿಕೊಂಡು ಸುಮ್ಮನೆ ಕೂತ. ಸಾಮ್ಯುವೆಲಪ್ಪ ಆರಾಧನೆಯ ಕ್ರಮವನ್ನು ಬೆಂಚಿನ ಮೇಲೆ ಇಟ್ಟು ಹೊರಗೆ ನಡೆದರು. ಅವರ ಹಿಂದೆ ಇನ್ನೂ ಕೆಲವರು ಹೋದರು.

"ಅಕ್ಕೋರ, ಪ್ರಸಂಗ..." ಎಂದರು ಸಭಾಪಾಲಕರು. ಹಣೆಯ ತುಂಬ ಬೆವರು. ನಾನು ಎದ್ದು ವೇದಿಕೆಗೆ ಹೋದೆ. ಗುಣವತಿಯಾದ ಸ್ತ್ರೀಯ ಬಗ್ಗೆ ಬಾಯಿಪಾಠವಾದ ಮಾತುಗಳು ಒಂದೂ ಹೊರಗೆ ಬರಲಿಲ್ಲ. ಆ ಇಬ್ಬರ ಮುಂದೆ ನನ್ನ ಪ್ರಸಂಗಕ್ಕೆ ಏನು ಬೆಲೆ? "ಪ್ರಸಂಗ ಆಗೇತ್ರಿ. ಪ್ರಾರ್ಥನಾ ಮಾಡೂಣು" ಎಂದೆ. ನನ್ನ ಜೀವಮಾನದಲ್ಲೇ ಅತಿ ಸಣ್ಣ ಪ್ರಸಂಗ ಅದು. ಸಭಿಕರು ಅದಕ್ಕಾಗಿ ನನ್ನನ್ನು ಬಹುದಿನ ನೆನೆಯುತ್ತಾರೆಂದು ಕಾಣುತ್ತದೆ.

ಆಮೇಲೆ ಪ್ರಭುಭೋಜನ. ಹೆಂಗಸರಿಗೆ ಬಿಟ್ಟುಕೊಟ್ಟ ಭಾನುವಾರದಲ್ಲೂ ತಟ್ಟೆ ಹಿಡಿಯುವವರು ಸಭಾಪಾಲಕರೇ. ಆವತ್ತು ತಟ್ಟೆಯನ್ನು ಬೆಂಚಿಗೆ ಕೊಡದೆ ತಾವೇ ಹಿಡಿದುಕೊಂಡು ಒಬ್ಬೊಬ್ಬರ ಮುಂದೆ ಬಂದರು. ಸುನೀತಾ ಮರಳಿ ಕೂತಿದ್ದ ಕೊನೆಯ ಬೆಂಚಿನವರೆಗೆ ಹೋಗಿ ಅಲ್ಲಿ ನಿಂತರು. ಕಮಿಟಿಯವರು ನಾಳೆ ಆ ಹುಡುಗನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಗೊತ್ತಿಲ್ಲ. ಆದರೆ ತಟ್ಟೆ ದಾಟಲಿಲ್ಲ. ಸುನೀತಾ ರೊಟ್ಟಿಯ ತುಂಡು ತೆಗೆದುಕೊಂಡು ಬಾಯಿಗೆ ಇಟ್ಟುಕೊಂಡಳು, ಬಹಳ ಹೊತ್ತು ಅಗಿದಳು.

ಆರಾಧನೆ ಮುಗಿದು ಹೊರಗೆ ಬಂದೆವು. ಅಂಗಳದಲ್ಲಿ ಊಟಕ್ಕೆ ಚಾಪೆ ಹಾಸುತ್ತಿದ್ದರು. ಗೇಟಿನ ಆಚೆ ರಾಹೇಲವ್ವನ ಮಗ ಬೈಕಿನ ಮೇಲೆ ಕೂತಿದ್ದ. ಸುದ್ದಿ ಆಗಲೇ ಮುಟ್ಟಿತ್ತು. "ಅವ್ವಾ, ನಡಿ ಮನಿಗೆ" ಎಂದ. ಅಷ್ಟಕ್ಕೇ ನಾನು ಗೇಟಿನಿಂದ ಹಿಂದಕ್ಕೆ ಸರಿದೆ. ರಾಹೇಲವ್ವ ಅವನ ಕಡೆ ತಿರುಗಲಿಲ್ಲ. ಕೈಚೀಲವನ್ನು ಎದೆಗೆ ಅವುಚಿಕೊಂಡು, ನನ್ನ ಪಕ್ಕ ನಿಂತಿದ್ದ ಸುನೀತಾಳ ಹತ್ತಿರ ಬಂದಳು.

"ಲೋಂಡಾದಾಗ ನಿನ್ನ ಖೋಲಿ ಎಷ್ಟ ದೊಡ್ಡದೈತಿ?"

"ಯಾಕ್ರಿ?"

"ಇವತ್ತ ನಂಗ ಮನಿಗೆ ಹೋಗಾಕ ಬರೂದಿಲ್ಲ" ಎಂದಳು ರಾಹೇಲವ್ವ.

ಸುನೀತಾ ಅತ್ತೆಯ ಮುಖವನ್ನೇ ನೋಡಿದಳು. "ಇಷ್ಟ ವರ್ಷ ಯಾಕ ಸುಮ್ಮನಿದ್ರಿ ಅತ್ತಿ?"

"ನನ್ನ ಯಾರೂ ಕೇಳಲಿಲ್ಲವಾ. ಇವತ್ತ ಕೇಳಿದ್ರು, ಹೇಳಿದೆ."

"ನಾ ಕೇಳಿದ್ದೆ. ಬಾಗಲದ ಒಳಗಿಂದ ಅತ್ತೀ, ಅತ್ತೀ ಅಂತ ಒದರಿ ಒದರಿ ಕೇಳಿದ್ದೆ."

ಮುದುಕಿಯ ತಲೆ ಬಗ್ಗಿತು. ಕೈಚೀಲದ ಹಿಡಿಯನ್ನು ತಿರುವುತ್ತ ನಿಂತಳು. "ಹೌದು. ಕೇಳಿದ್ದಿ" ಎಂದಳು.

ನಾನಾಗಿದ್ದರೆ ಅಲ್ಲಿಂದ ನಡೆದುಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಗೇಟಿನ ಆಚೆ ಬೈಕು ಒಮ್ಮೆ ಗುರ್ ಎಂದಿತು. ಸುನೀತಾ ಅತ್ತ ನೋಡಿದಳು, ಅತ್ತೆಯ ಕಡೆ ನೋಡಿದಳು. ಆಮೇಲೆ ಅವಳ ಕೈಯಿಂದ ಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ರೈಲಿಗೆ ಇನ್ನೂ ಹೊತ್ತೈತಿ" ಎಂದಳು. "ಉಂಡು ಹೋಗೂಣು. ಕುಂದರ್ರಿ."